ಬರೋರ ಹೆಸರು ನಿನ್ನ ಲಿಸ್ಟಿನಾಗ ಇರ್ಲಿ

ಪ್ರಶ್ನೆ: ಮೇಡಂ, ನಮಸ್ಕಾರ್ರೀ. ನಾ ಬಾಗಲಕೋಟ್ಯಾಗ ಎಂಬಿಬಿಎಸ್ ಮೂರನೇ ವರ್ಷ ಓದಾಕತ್ತೀನಿ, ಊರು ಗುಳೇದಗುಡ್ಡ, ಅಪ್ಪಾಜಿ ನೇಕಾರ್ರು. ಈ ಸಲ ವಿದ್ಯಾರ್ಥಿಗಳೇ ಸೇರಿ ಎರಡು ದಿನದ ಹೆಲ್ತ್ ಕಾನ್ಫರೆನ್ಸ್ ಮಾಡ್ಬೇಕಂತ ಸೀನಿಯರ್ಸ್ ನಿರ್ಧಾರ ಮಾಡ್ಯಾರ, ಆರ್ಗನೈಸಿಂಗ್ ಕಮಿಟಿಯೊಳಗ ನನ್ನ ಹೆಸರೂ ಹಾಕ್ಯಾರ. ನಾ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಮೈಕ್ ಹಿಡದ್ರ ಕೈ ನಡಗ್ತಾವ್ರಿ. ಮನ್ಯಾಗ 'ಅದರಿಂದ ಮಾರ್ಕ್ಸ್ ಬರ್ತಾವೇನು' ಅಂತಾರ. ಸೇರಿದ್ರ ನಿಜವಾಗ್ಲೂ ಏನರ ಕಲೀತೀನಾ, ಇಲ್ಲಾ ಬರೇ ಸರ್ಟಿಫಿಕೇಟಿಗೆ ಓಡ್ಯಾಡಿದಂಗ ಆಗ್ತೈತಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ತಂಗಿ, ಸೇರು. ಮೊದ್ಲೇ ಹೇಳಿಬಿಟ್ಟೆ, ಯಾಕಂದ್ರ ನಿನ್ನ ಪ್ರಶ್ನೆ ಓದಿ ಎರಡು ದಿನ ವಿಚಾರ ಮಾಡಿದೆ, ಎಷ್ಟು ತಿರುವಿ ಮುರುವಿ ನೋಡಿದ್ರೂ ಬ್ಯಾಡ ಅನ್ನಾಕ ಕಾರಣ ಸಿಗ್ಲಿಲ್ಲ. ಆದ್ರ ಒಂದು ಶರ್ತ ಐತಿ. ಎಲ್ಲಾದ್ರಾಗೂ ಕೈ ಹಾಕಬ್ಯಾಡ. ಒಂದೇ ಒಂದು ಕೆಲಸ ಹಿಡಿ, ಹಿಡದದ್ದನ್ನ ಶುರುವಿನಿಂದ ಕಡೀತನಕ ಇದು ನಂದು ಅಂತ ಹಿಡಿ. ನೀ ಇನ್ನೂ ಮುಖಾನೂ ನೋಡಿರದ ಯಾರೋ ಒಬ್ರು ನಿನ್ನ ಮಾತು ನಂಬಿ ರಾತ್ರಿ ಬಸ್ ಹತ್ತಿ ಬರ್ತಾರ, ಅವ್ರು ಬಂದು ಇಳದಾಗ ಅವ್ರ ಜಾಗಾ ಅಲ್ಲಿ ತಯಾರಿರ್ಬೇಕು. ನೀ ಬೆಳಿಯೋದು ಅಲ್ಲಿ. ಯಾಕ ಹಿಂಗ ಹೇಳಾಕತ್ತೀನಿ ಅಂದ್ರ ನಾ ಇದನ್ನ ತಪ್ಪು ಮಾಡಿ ಕಲತಾಕಿ.

ನಾ ವಿಜಯಪುರದಾಕಿ, ಕಮ್ಯುನಿಟಿ ಮೆಡಿಸಿನ್, ಅಂದ್ರ ಊರು-ಸಮುದಾಯದ ಆರೋಗ್ಯದ ವಿಷಯ, ಕಲಸಾಕ ಹತ್ತಿ ಇಪ್ಪತ್ತು ವರ್ಷದ ಮ್ಯಾಲಾತು, ಈಗ ಬೆಳಗಾವ್ಯಾಗ ಇದ್ದೀನಿ. ನಿನ್ನಂಗ ಮೂರನೇ ವರ್ಷದಾಗ ಇದ್ದಾಗ ನಮ್ಮಲ್ಲೂ ಒಂದು ವಿದ್ಯಾರ್ಥಿ ಸಮ್ಮೇಳನ ಆತು, ನನಗ ತಮ್ಮ ಅಧ್ಯಯನದ ಪೋಸ್ಟರ್ ಹಚ್ಚೋರ ಹೆಸರು ಬರ್ಕೊಳ್ಳೋ ಕೆಲಸ ಕೊಟ್ಟಿದ್ರು. ಆಗ ಇ-ಮೇಲ್ ಎಲ್ಲಾರ ಹಂತ್ಯಾಕ ಇರ್ಲಿಲ್ಲ, ಅರ್ಜಿ ಪೋಸ್ಟಿನಾಗ ಬರ್ತಿದ್ವು, ನಾ ಲಕೋಟಿ ಒಡದು ರಿಜಿಸ್ಟರಿನಾಗ ಹೆಸರು, ಊರು, ವಿಷಯ ಬರೀತಿದ್ದೆ. ಅದರ ಜೊತಿ ಸ್ಟೇಜ್ ಡೆಕೋರೇಷನ್ನಿಗೂ ನಾನು, ಸ್ವಾಗತಗೀತೆಗೂ ನಾನು, ಊಟದ ಕೂಪನ್ ಹರಿಯೋದಕ್ಕೂ ನಾನು, ಯಾರು ಕರದ್ರೂ ಹೂಂ ಅಂತಿದ್ದೆ, ಹಂಗ ಓಡ್ಯಾಡೋದೇ ಕೆಲಸ ಅಂತ ತಿಳ್ಕೊಂಡಿದ್ದೆ.

ಮೊದಲನೇ ದಿನ ಮುಂಜಾನೆ ಜಮಖಂಡಿ ಕಡಿಂದ ಒಬ್ಬಾಕಿ ನರ್ಸಿಂಗ್ ಹುಡುಗಿ ಬಂದ್ಲು, ಜೊತಿಗೆ ಆಕಿ ಅಣ್ಣ. ಕೈಯಾಗ ಪೇಪರಿನಾಗ ಸುತ್ತಿದ ಚಾರ್ಟ್ ಶೀಟ್, ಎರಡೂ ಕಡೆ ರಬ್ಬರ್ ಬ್ಯಾಂಡ್. ನಾ ರಿಜಿಸ್ಟರ್ ನೋಡಿದೆ, ಹೆಸರಿಲ್ಲ. ಮತ್ತೊಮ್ಮೆ ನೋಡಿದೆ, ಇಲ್ಲ. 'ನೀವು ಕಳಿಸೇ ಇಲ್ಲ ಅನಸ್ತೈತಿ' ಅಂದೆ. ಈ ಮಾತು ನನ್ನ ಬಾಯಿಂದ ಹೆಂಗ ಬಂತು ಅಂತ ಇವತ್ತಿಗೂ ನನಗ ಸಂಕಟ ಆಗ್ತೈತಿ. ಆಕಿ ಜಗಳಾ ತಗೀಲಿಲ್ಲ. ಬ್ಯಾಗಿನಾಗಿಂದ ಸಣ್ಣ ಪರ್ಸ್ ತಗದ್ಲು, ಅದರಾಗಿಂದ ನಾಕು ಮಡಿಕಿ ಮಾಡಿದ್ದ ಒಂದು ಚೀಟಿ ತಗದು ಟೇಬಲ್ ಮ್ಯಾಲ ಇಟ್ಟು ಬೆರಳಲೆ ಸವರಿ ಸಪಾಟ್ ಮಾಡಿದ್ಲು. ರಿಜಿಸ್ಟರ್ಡ್ ಪೋಸ್ಟಿನ ರಸೀದಿ. ತಾರೀಖು, ಸಿಕ್ಕಾ, ನಮ್ಮ ವಿಳಾಸ, ಎಲ್ಲಾ ಇತ್ತು. ಅಣ್ಣ ಒಂದು ಮಾತಾಡ್ಲಿಲ್ಲ, ಸುಮ್ನ ನನ್ನ ಮುಖಾ ನೋಡಿದ. ಆಮ್ಯಾಲ ಹಾಸ್ಟೆಲಿಗೆ ಓಡಿ ಹೋಗಿ ನೋಡ್ತೀನಿ, ಆಕಿ ಲಕೋಟಿ ನನ್ನ ನೋಟ್‌ಬುಕ್ಕಿನ ನಡುವ ಗುರುತಿಗೆ ಇಟ್ಟಂಗ ಕೂತಿತ್ತು, ಒಡದೂ ಇರ್ಲಿಲ್ಲ.

ನಮ್ಮ ಸರ್ ಹಂತ್ಯಾಕ ಹೋಗಿ 'ತಪ್ಪು ನಂದ್ರಿ ಸರ್' ಅಂದೆ. ಅವ್ರು ಬೈಲಿಲ್ಲ, 'ಹಂಗಾದ್ರ ಜಾಗಾ ನೀನೇ ಮಾಡು' ಅಂದ್ರು ಅಷ್ಟ. ಬೋರ್ಡ್ ಎಲ್ಲಾ ತುಂಬಿದ್ವು. ವೆರಾಂಡಾದಾಗ ಎರಡು ಕಂಬದ ನಡುವ ನೂಲಿನ ಹಗ್ಗ ಕಟ್ಟಿ, ಮೆಸ್ಸಿನಿಂದ ಬಟ್ಟಿ ಒಣಹಾಕೋ ಕ್ಲಿಪ್ಪು ತಂದು ಆಕಿ ಚಾರ್ಟ್ ತೂಗಹಾಕಿದ್ವಿ. ಆಕಿ ವಿಷಯ ಏನಂದ್ರ ಹಳ್ಳಿಯೊಳಗ ಹುಟ್ಟಿದ ಕೂಸಿಗೆ ಮೊದಲಿಗೆ ಏನು ನೆಕ್ಕಸ್ತಾರ ಅನ್ನೋದು, ಜೇನುತುಪ್ಪನೋ, ಸಕ್ಕರಿ ನೀರೋ, ಬೆಲ್ಲದ ನೀರೋ, ಮತ್ತ ತಾಯಿಯ ಗಿಣ್ಣುಹಾಲು ಯಾಕ ಹಿಂಡಿ ಚೆಲ್ತಾರ ಅಂತ. ಕೈಲೇ ಬರದಿದ್ಲು, ಸ್ಕೆಚ್ ಪೆನ್ನಿಲೆ. ಗಾಳಿ ಬಿಟ್ಟಾಗೆಲ್ಲಾ ಚಾರ್ಟ್ ಹಾರ್ತಿತ್ತು, ನಾ ಕೆಳಗ ತುದಿ ಹಿಡ್ಕೊಂಡು ನಿಂತೆ, ಆಕಿ ಬಂದ ಎಲ್ಲಾರಿಗೂ ತಿಳಿಸಿ ಹೇಳಿದ್ಲು. ಸ್ವಾಗತಗೀತೆಗೆ ನಾ ಹೋಗ್ಲಿಲ್ಲ, ಬ್ಯಾರೆಯವ್ರು ಹಾಡಿದ್ರು, ನಾ ಇಲ್ಲಂತ ಯಾರಿಗೂ ಏನೂ ಕಡಿಮಿ ಆಗ್ಲಿಲ್ಲ.

ಈ ಕಥಿ ನಿನಗ ಯಾಕ ಹೇಳಿದೆ ಅಂದ್ರ, ಮುಂದ ನೀ ಓದು ಮುಗಿಸಿ ಆಸ್ಪತ್ರ್ಯಾಗ ತರಬೇತಿ ಮಾಡೋ ಹೌಸ್ ಸರ್ಜನ್ ಆದಾಗ ಇದೇ ಕೆಲಸ ಬ್ಯಾರೆ ರೂಪದಾಗ ಬರ್ತೈತಿ. ಒಬ್ಬ ಪೇಷಂಟಿನ ರಕ್ತ ಲ್ಯಾಬಿಗೆ ಕಳಿಸಿರ್ತಿ, ರಿಪೋರ್ಟ್ ತರೂದು ಯಾರ ಕೆಲಸ ಅಂತ ಯಾರೂ ಹೇಳಿರೂದಿಲ್ಲ, ಡ್ಯೂಟಿ ಬದಲಾಗ್ತೈತಿ, ಬೆಡ್ ಮ್ಯಾಲ ಇದ್ದಾಂವ ಕಾಯ್ಕೋತ ಇರ್ತಾನ. ವಾರ್ಡಿನಾಗ ಆಗೋ ತಪ್ಪುಗಳೊಳಗ ಭಾಳ ಅಂದ್ರ ಭಾಳ ಇಂಥಾವು, ಓದು ಕಡಿಮಿ ಆಗಿ ಆದದ್ದಲ್ಲ, ಲಕೋಟಿ ನೋಟ್‌ಬುಕ್ಕಿನಾಗ ಉಳದದ್ದು. 2019ರಿಂದ ಎಂಬಿಬಿಎಸ್ಸಿಗೆ ಹೊಸಾ ಪಠ್ಯಕ್ರಮ ಬಂದೈತಿ, ಅದರಾಗ ಎಟ್‌ಕಾಮ್ ಅಂತ ಮಾಡ್ಯೂಲ್ ಇಟ್ಟಾರ, ನಡತಿ, ನೀತಿ, ಮಾತುಕತಿ ಕಲಸಾಕ. ಕ್ಲಾಸಿನಾಗ ಕುಂತು ಅದನ್ನ ಕೇಳಿರ್ತಿ. ಕಾನ್ಫರೆನ್ಸ್ ಡೆಸ್ಕಿನ ಹಿಂದ ನಿಂತಾಗ ಅದು ಮೈಗೆ ಹತ್ತತೈತಿ.

ಇನ್ನ ಯಾವ ಕೆಲಸ ಹಿಡೀಲಿ ಅಂದ್ರ, ನನ್ನ ಕೇಳಿದ್ರ ರಿಜಿಸ್ಟ್ರೇಷನ್ ಹಿಡಿ, ಅದು ಸಿಗಲಿಲ್ಲಂದ್ರ ಪೋಸ್ಟರ್. ಸ್ಟೇಜ್ ಆ್ಯಂಕರಿಂಗ್ ಈ ವರ್ಷ ಬ್ಯಾಡ. ಹೆದರಿಕಿ ಸಲುವಾಗಿ ಅಲ್ಲ, ರಿಜಿಸ್ಟ್ರೇಷನ್ನಿನಾಗ ಮಾತು ಭಾಳ ಕಲೀಬಹುದು ಅದಕ್ಕ. ನೋಡು, ಮೈಕ್ ಹಿಡದು ಐದು ನಿಮಿಷ ಬಾಯಿಪಾಠ ಒಪ್ಪಿಸೋದಕ್ಕೂ, ಎಂಬತ್ತು ಮಂದಿಗೆ ಒಬ್ಬೊಬ್ಬರಿಗೂ ಫೋನ್ ಹಚ್ಚಿ 'ನಾ ಬಾಗಲಕೋಟಿಯಿಂದ ಮಾತಾಡಾಕತ್ತೀನ್ರಿ, ನೀವು ಶುಕ್ರವಾರ ರಾತ್ರಿ ಬರ್ತೀರೋ, ಶನಿವಾರ ಮುಂಜಾನೆನೋ, ಇಳಿಯೂದು ಬಸ್ ಸ್ಟ್ಯಾಂಡೋ ರೈಲ್ವೆ ಸ್ಟೇಷನ್ನೋ' ಅಂತ ಕೇಳೋದಕ್ಕೂ ಭಾಳ ಫರಕ್ ಐತಿ. ಮೊದಲ ಹತ್ತು ಫೋನಿಗೆ ಗಂಟಲ ಒಣಗ್ತೈತಿ. ಇಪ್ಪತ್ತನೇದಕ್ಕ ನಿನಗೇ ಗೊತ್ತಿಲ್ಲದಂಗ ದನಿ ಗಟ್ಟಿ ಆಗಿರ್ತೈತಿ. ನನ್ನ ಹಂತ್ಯಾಕ ಕಲತ ಎಷ್ಟೋ ಹುಡುಗ್ರನ್ನ ನೋಡೀನಿ, ವೈವಾದಾಗ (ಮೌಖಿಕ ಪರೀಕ್ಷೆಯೊಳಗ) ಬಾಯಿ ಬಿಡಲಾರದವ್ರು ಒಂದು ತಿಂಗಳು ಈ ಫೋನ್ ಕೆಲಸ ಮಾಡಿ ಆಮ್ಯಾಲ ಎಕ್ಸಾಮಿನರ್ ಮುಂದ ನೆಟ್ಟಗ ಕುಂತು ಉತ್ತರ ಹೇಳ್ಯಾರ.

ಲಿಸ್ಟ್ ಒಂದೇ ಇರ್ಲಿ, ಒಂದೇ ಎಕ್ಸೆಲ್ ಶೀಟ್, ಅದರಾಗ ತಿದ್ದೋ ಅಧಿಕಾರ ಇಬ್ಬರಿಗೆ ಮಾತ್ರ. ವಾಟ್ಸ್ಆ್ಯಪ್ ಗ್ರೂಪಿನಾಗ 'ಮೇಡಂ ನನ್ನ ಹೆಸರು ಸೇರಸ್ರಿ' ಅಂತ ಬಂದದ್ದನ್ನ ಯಾರೋ 'ಓಕೆ' ಅಂತ ಹಾಕಿ ಮರ್ತುಬಿಡ್ತಾರ, ಈ ಕಾಲದ ಲಕೋಟಿ ಅಂದ್ರ ಅದೇ. ದುಡ್ಡು ಫೋನ್‌ಪೇ ಮಾಡಿದ್ರ ಟ್ರಾನ್ಸಾಕ್ಷನ್ ನಂಬರ್ ಆ ಶೀಟಿನಾಗ ಅವ್ರ ಹೆಸರಿನ ಮುಂದ ಅದೇ ದಿನ ಬರಬೇಕು, ನಾಳೆ ಅಂದ್ರ ಇಲ್ಲ. ಸರ್ಟಿಫಿಕೇಟಿನ ಮ್ಯಾಲ ಹೆಸರು ಹೆಂಗ ಬರೀಬೇಕು ಅಂತ ಅವ್ರನ್ನೇ ಕೇಳು. ನಮ್ಮ ಕಡೆ ಒಂದೇ ಅಡ್ಡಹೆಸರನ್ನ ಇಂಗ್ಲಿಷಿನಾಗ ಮೂರು ಥರಾ ಬರೀತಾರ, ತಪ್ಪು ಸ್ಪೆಲ್ಲಿಂಗಿನ ಸರ್ಟಿಫಿಕೇಟ್ ಮುಂದ ಅವ್ರ ಯಾವ ಅರ್ಜಿಗೂ ಉಪಯೋಗ ಆಗೂದಿಲ್ಲ. ಮತ್ತ ಡೆಸ್ಕಿನ ಹಂತ್ಯಾಕ ನಾಕು ಖಾಲಿ ಬ್ಯಾಡ್ಜು, ಒಂದು ದಪ್ಪ ಪೆನ್ನು, ಎರಡು ಖಾಲಿ ಪೋಸ್ಟರ್ ಬೋರ್ಡು ಇಟ್ಕೋ. ಹೆಸರಿಲ್ಲದವ್ರು ಯಾರರ ಬಂದೇ ಬರ್ತಾರ. ಅವ್ರನ್ನ ಮೊದ್ಲು ಕೂಡಿಸಿ ನೀರು ಕೊಡು, ಆಮ್ಯಾಲ ತಪ್ಪು ಯಾರದು ಅಂತ ಹುಡುಕು.

ಈಗ ವಿಷಯಕ್ಕ ಬರ್ತೀನಿ. ನಿಮ್ಮ ಕಮಿಟಿ ಏನು ಥೀಮ್ ಇಟ್ಟೈತಿ ನೀ ಬರದಿಲ್ಲ. ದೊಡ್ಡ ಊರಿನ ಕಾನ್ಫರೆನ್ಸಿನ ಬ್ರೋಷರ್ ನೋಡಿ ಅದೇ ಥೀಮ್ ಇಡೋ ಆಸೆ ಎಲ್ಲಾರಿಗೂ ಇರ್ತೈತಿ, ಹೊಸಾ ತಂತ್ರಜ್ಞಾನ ತಿಳ್ಕೊಳ್ಳೋದು ಬೇಕು, ಬ್ಯಾಡನ್ನಂಗಿಲ್ಲ. ಆದ್ರ ಬಾಗಲಕೋಟ್ಯಾಗ ಕುಂತು ಮಾಡೋ ಕಾನ್ಫರೆನ್ಸಿನಾಗ ಬಾಗಲಕೋಟಿ ಇಲ್ಲಂದ್ರ ಅದು ಯಾರ ಸಲುವಾಗಿ? ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ-ವಿದೇಶಕ್ಕ ಹೋಗ್ತೈತಿ, ಕಲ್ಲು ಕೊರಿಯೋರ ಎದಿಯೊಳಗ ಹೋಗೋ ಧೂಳು ಮಾತ್ರ ಇಲ್ಲೇ ಉಳೀತೈತಿ. ಸಿಲಿಕೋಸಿಸ್, ಅಂದ್ರ ಕಲ್ಲಿನ ಧೂಳಿನಿಂದ ಬರೋ ಶ್ವಾಸಕೋಶದ ರೋಗ, ಆದಾಂವ ಟಿಬಿ ಅಂತ ಔಷಧ ತಿನ್ಕೋತ ಓಡ್ಯಾಡೋದುಂಟು, ಮತ್ತ ಆ ಧೂಳು ಟಿಬಿ ಬರೋ ಸಾಧ್ಯತೆನೂ ಹೆಚ್ಚಸ್ತೈತಿ. ಸಿಲಿಕೋಸಿಸ್ ಒಮ್ಮೆ ಬಂದ್ರ ವಾಸಿ ಮಾಡೋ ಔಷಧ ಇಲ್ಲ, ಆದ್ರ ನೀರು ಬಿಟ್ಕೋತ ಕೊರದ್ರ ಧೂಳೇ ಕಡಿಮಿ ಆಗ್ತೈತಿ. ನಮ್ಮ ವಿಜಯಪುರ, ನಿಮ್ಮ ಬಾಗಲಕೋಟಿ ಎರಡೂ ಜಿಲ್ಲಾದ ಎಷ್ಟೋ ಹಳ್ಳ್ಯಾಗ ಬೋರಿನ ನೀರಿನಾಗ ಫ್ಲೋರೈಡ್ ಹೆಚ್ಚೈತಿ, ಲೀಟರಿಗೆ 1 ಮಿಲಿಗ್ರಾಂ ಒಳಗ ಇರ್ಬೇಕು, ಬ್ಯಾರೆ ನೀರಿಲ್ಲದಲ್ಲಿ 1.5 ತನಕ ಒಪ್ಪತಾರ, ಅದನ್ನ ದಾಟಿದ ನೀರು ಕುಡದ ಹುಡುಗ್ರ ಹಲ್ಲು ನೋಡಿದ್ರ ಕಂದು ಕಲಿ ಕಾಣಸ್ತಾವ. ಕಬ್ಬು ಕಡಿಯಾಕ ಗುಂಪು ಗುಂಪಾಗಿ ಬರೋ ಹೆಣ್ಮಕ್ಕಳು ಬಸರಿದ್ದಾಗ ಅವ್ರ ತಾಯಿ ಕಾರ್ಡ್ ಯಾವ ಊರಾಗಿರ್ತೈತಿ, ಐರನ್ ಗುಳಿಗಿ ಯಾರು ಕೊಡ್ತಾರ, ಇದೆಲ್ಲಾ ಸಂಶೋಧನಾ ಪ್ರಶ್ನೆ ಅಲ್ಲಂತ ಯಾರು ಹೇಳಿದ್ರು?

ಮತ್ತ ನೀ ನೇಕಾರ್ರ ಮಗಳು. ಕುಣಿಮಗ್ಗದಾಗ ಕಾಲು ಇಳಿಬಿಟ್ಟು ದಿನಕ್ಕ ಎಂಟು-ಹತ್ತು ತಾಸು ಬಗ್ಗಿ ಕೂಡೋರ ಸೊಂಟ, ಕುತ್ತಿಗಿ, ಕಡಿಮಿ ಬೆಳಕಿನಾಗ ಎಳಿ ನೋಡಿ ನೋಡಿ ಸೋತ ಕಣ್ಣು, ಇವನ್ನ ನೀ ಹುಟ್ಟಿದಾಗಿನಿಂದ ನೋಡಿದಾಕಿ. ಬೆಂಗಳೂರಿನಿಂದ ಬರೋ ಸ್ಪೀಕರ್ರಿಗೆ ಅದನ್ನ ತಿಳಿಸಿ ಹೇಳಾಕ ನೀನೇ ಬೇಕು. ಕಮಿಟಿ ಮೀಟಿಂಗಿನಾಗ 'ಗುಳೇದಗುಡ್ಡದ ಖಣ ನೇಯೋರ ಆರೋಗ್ಯದ ಮ್ಯಾಲ ಒಂದು ಸೆಷನ್ ಇಡೋಣು' ಅಂತ ಒಂದು ಮಾತು ನೀ ಆಡು. ಇಂಗ್ಲಿಷಿನಾಗ ಆಡಲಿಕ್ಕ ಬರದಿದ್ರ ಕನ್ನಡದಾಗೇ ಆಡು. ಯಾರೂ ತಪ್ಪು ತಿಳ್ಕೊಳ್ಳಾಂಗಿಲ್ಲ, ತಿಳ್ಕೊಂಡ್ರ ಅದು ಅವ್ರ ಸಣ್ಣತನ.

ವರ್ಕ್‌ಶಾಪ್ ಒಂದರ ಇಡಸು, ಕೈಲೇ ಮಾಡಿ ಕಲಿಯೋದು. ಕೆಲ ವರ್ಷದ ಹಿಂದ ನನ್ನ ವಿದ್ಯಾರ್ಥಿಗಳು ಹಾವು ಕಡತದ ಮ್ಯಾಲ ಒಂದು ವರ್ಕ್‌ಶಾಪ್ ಮಾಡಿದ್ರು, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಹೊಲದಾಗ ಹಾವು ಕಡದು ಬಂದವ್ರಿಗೆ, ಅದರಾಗೂ ಕೊಳಕುಮಂಡಲ ಕಡದಿದ್ರ, ರಕ್ತ ಹೆಪ್ಪುಗಟ್ಟೋ ಗುಣಾನೇ ಕಳ್ಕೊಂತೈತಿ. ಅದನ್ನ ಪತ್ತೆ ಮಾಡಾಕ ದೊಡ್ಡ ಮಶೀನ್ ಏನೂ ಬೇಕಾಗಿಲ್ಲ, 2 ಎಂಎಲ್ ರಕ್ತ ತಗದು ಒಂದು ಗಾಜಿನ ಟೆಸ್ಟ್ ಟ್ಯೂಬಿನಾಗ ಹಾಕಿ, ಅಲ್ಲಾಡಿಸಲಾರದ 20 ನಿಮಿಷ ಇಟ್ಟು, ಆಮ್ಯಾಲ ಒಮ್ಮೆ ಬಗ್ಗಿಸಿ ನೋಡೋದು. ಗಟ್ಟಿ ಆಗಿದ್ರ ಆ ಹೊತ್ತಿಗೆ ರಕ್ತ ಹೆಪ್ಪುಗಟ್ಟಾಕತ್ತೈತಿ ಅಂತ, ನೀರಿನಂಗ ಹರದ್ರ ವಿಷ ರಕ್ತಕ್ಕ ಸೇರೈತಿ, ಆ್ಯಂಟಿ ಸ್ನೇಕ್ ವೆನಮ್, ಅಂದ್ರ ಹಾವಿನ ವಿಷಕ್ಕ ಕೊಡೋ ಔಷಧ, ಶುರು ಮಾಡ್ಬೇಕು ಅಂತ ಅರ್ಥ. ಸಣ್ಣ ಪಿಎಚ್‌ಸಿಯೊಳಗೂ, ಅಂದ್ರ ಪ್ರಾಥಮಿಕ ಆರೋಗ್ಯ ಕೇಂದ್ರದಾಗೂ, ಮಾಡಬಹುದು. ಇದನ್ನ ಕಲಸಾಕ ವಾಲಂಟಿಯರ್ಸ್ ರಕ್ತ ಕೊಟ್ರು, ಟ್ಯೂಬ್ ತರೋ ಕೆಲಸ ಒಬ್ಬಾಕಿ ಹುಡುಗಿಗೆ ವಹಿಸಿದ್ವಿ.

ಆಕಿ ಅಂಗಡಿಗೆ ಹೋಗಿ ಟೆಸ್ಟ್ ಟ್ಯೂಬ್ ಕೊಡ್ರಿ ಅಂದ್ಲು, ಅವ್ರು ಪ್ಲಾಸ್ಟಿಕ್ಕಿನವು ಕೊಟ್ರು, ಒಡಿಯೂದಿಲ್ಲ, ಅಗ್ಗ ಬ್ಯಾರೆ. ಹಿಂದಿನ ದಿನ ಸಂಜಿಗೆ ಡಬ್ಬಿ ಬಿಚ್ಚಿ ಟೇಬಲ್ ಮ್ಯಾಲ ಜೋಡಸಾಕತ್ತಿದ್ವಿ, ನಮ್ಮ ಲ್ಯಾಬ್ ಟೆಕ್ನಿಷಿಯನ್ ಕಾಕಾ ಆ ಕಡೆ ಹಾಯ್ದು ಹೋಗೋವ್ರು ನಿಂತು ಒಂದು ಟ್ಯೂಬ್ ಎತ್ತಿ ಉಗುರಿಲೆ ಟಕ್ಕಂತ ಬಡದು ನೋಡಿದ್ರು. 'ತಂಗೀ ಇದು ಗಾಜಲ್ಲ' ಅಂದ್ರು. ಗಾಜಿನ ಮೈ ತಾಗಿದ್ರೇ ರಕ್ತ ಹೆಪ್ಪುಗಟ್ಟೋ ಕ್ರಿಯೆ ಸರಿಯಾಗಿ ಶುರು ಆಗೋದು, ಪ್ಲಾಸ್ಟಿಕ್ಕಿನಾಗ ಹಂಗ ಆಗೂದಿಲ್ಲ, ಆರೋಗ್ಯವಂತರ ರಕ್ತಾನೂ ಹರದಾಡಿ ಎಲ್ಲಾರಿಗೂ ತಪ್ಪು ಪಾಠ ಕಲಿಸಿದಂಗ ಆಗ್ತಿತ್ತು. ಆಮ್ಯಾಲ ಯಾರೋ ಲ್ಯಾಬಿನ ಹಳೇ ಗಾಜಿನ ಟ್ಯೂಬ್ ಸೋಪಿನ ಪುಡಿ ಹಾಕಿ ತೊಳದು ತಂದ್ರು, ಕಾಕಾ ಅದಕ್ಕೂ ಬ್ಯಾಡಂದ್ರು, ಸೋಪಿನ ಅಂಶ ಉಳದ್ರೂ ಟೆಸ್ಟ್ ಕೆಡ್ತೈತಿ, ಹೊಸಾದು, ಒಣಗಿದ್ದು, ಗಾಜಿಂದು ಬೇಕು. ರಾತ್ರಿ ಒಂಬತ್ತಕ್ಕ ಆ ಹುಡುಗಿ ಅಂಗಡ್ಯಾವ್ರ ಮನಿಗೇ ಹೋಗಿ ಬಾಗಲ ತಗಿಸಿ ನಲವತ್ತು ಗಾಜಿನ ಟ್ಯೂಬ್ ತಂದ್ಲು. ಮರುದಿನ ವರ್ಕ್‌ಶಾಪಿನಾಗ ಟ್ಯೂಬ್ ಬಗ್ಗಿಸಿದಾಗ ರಕ್ತ ಅಲ್ಲಾಡದಂಗ ಗಟ್ಟಿಯಾಗಿ ಕುಂತಿತ್ತು, ಆಕಿ ಕಣ್ಣಾಗ ನೀರಿದ್ವು. ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕ, ಸಿರಿಂಜು ಕೆಂಪಕ್ಕ ಅಂತ ಬೇರ್ಪಡಿಸೋದನ್ನೂ ಆಕಿನೇ ನಿಂತು ಮಾಡಸಿದ್ಲು. ಈಗ ಆಕಿ ಒಂದು ಪಿಎಚ್‌ಸಿಯೊಳಗ ಮೆಡಿಕಲ್ ಆಫೀಸರ್. ಹ್ವಾದ ವರ್ಷ ಭೆಟ್ಟಿಗೆ ಹೋದಾಗ ಕಪಾಟು ತಗದು ತೋರಿಸಿದ್ಲು, ಮ್ಯಾಲಿನ ಖಾನೆದಾಗ ಗಾಜಿನ ಟ್ಯೂಬಿನ ಡಬ್ಬಿ, ಅದರ ಮ್ಯಾಲ ಮಾರ್ಕರಿಲೆ 'ಯಾರೂ ತೊಳೀಬ್ಯಾಡ್ರಿ' ಅಂತ ಬರದಿತ್ತು. 2024ರಾಗ ಕರ್ನಾಟಕ ಸರ್ಕಾರ ಹಾವು ಕಡತವನ್ನ ವರದಿ ಮಾಡಲೇಬೇಕಾದ ಕಾಯಿಲೆ ಅಂತ ಘೋಷಣೆ ಮಾಡೈತಿ, ಆಕಿ ಆ ವರದಿ ತಪ್ಪದಂಗ ಕಳಿಸ್ತಾಳ.

ನಿನ್ನ ಕನ್ನಡ ಮೀಡಿಯಂ ಬಗ್ಗೆ ಅಂದಿಯಲ್ಲ, ಅದಕ್ಕ ನಾ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಕಾನ್ಫರೆನ್ಸಿನಾಗ ಅರ್ಧ ದಿನ ಪೂರ್ತಿ ಕನ್ನಡ ಸೆಷನ್ ಇಡ್ರಿ, ಆಶಾ ಕಾರ್ಯಕರ್ತೆಯರನ್ನ, ಅಂಗನವಾಡಿ ಅಕ್ಕೋರನ್ನ, ಎಎನ್‌ಎಂ ಸಿಸ್ಟರ್ರನ್ನ ಕರೀರಿ. 2005ರಾಗ ಆಶಾ ಯೋಜನೆ ಶುರು ಆದಾಗಿನಿಂದ ಸುಮಾರು ಸಾವಿರ ಜನಕ್ಕ ಒಬ್ಬ ಆಶಾ ಅಂತ ಹಳ್ಳ್ಯಾಗ ಮನಿ ಮನಿ ತಿರಗ್ಯಾರ, ಅವ್ರಿಗೆ ಗೊತ್ತಿರೋದು ನಮ್ಮ ಪ್ರೊಫೆಸರ್ರಿಗೆ ಗೊತ್ತಿಲ್ಲ. ಅವ್ರು ಕೇಳೋಕ ಬರೋದು ಬ್ಯಾಡ, ಮಾತಾಡಾಕ ಬರ್ಲಿ. ಆ ಸೆಷನ್ ನಡಸೋದಕ್ಕ ನಿನಗಿಂತ ಚಲೋ ಯಾರದಾರ? ಮೈಕ್ ಹಿಡಿಯೋದು ಅಲ್ಲಿ ಕಲಿ, ನಿನ್ನ ಭಾಷಾದಾಗ, ನಿನ್ನವ್ವನಂಥಾ ಹೆಣ್ಮಕ್ಕಳ ಮುಂದ.

ಹಂಗೇ ರಿಸರ್ಚ್ ಮಾಡೋ ನಿಮ್ಮ ಗೆಳೆಯರ ಒಪ್ಪಿಗಿ ಪತ್ರ ಇಸ್ಕೊಂಡು ಓದು. ಅದರಾಗ 'ಈ ಅಧ್ಯಯನದಲ್ಲಿ ತಮ್ಮ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿರುತ್ತದೆ' ಅಂತಿರ್ತೈತಿ. ಹುನಗುಂದದ ಹಳ್ಳ್ಯಾಗಿನ ಮುದುಕಿಗೆ ಅದನ್ನ ಓದಿ ಹೆಬ್ಬೆಟ್ಟು ಒತ್ತಿಸಿದ್ರ ಅದು ಒಪ್ಪಿಗಿ ಅಲ್ಲ. 'ಯವ್ವಾ, ನಿನಗ ಮನಸಿದ್ರ ಅಷ್ಟ ಹೇಳು, ಬ್ಯಾಡಂದ್ರ ಎದ್ದು ಹೋಗು, ನಿನ್ನ ಔಷಧಕ್ಕ ಏನೂ ತೊಂದ್ರಿ ಆಗೂದಿಲ್ಲ' ಅಂತ ಬರದ್ರ ಆಕಿಗೆ ತಿಳೀತೈತಿ. ಈ ತರ್ಜುಮಿ ಕೆಲಸ ನೀ ಮಾಡಬಲ್ಲಿ. ಮತ್ತ ಎಥಿಕ್ಸ್ ಕಮಿಟಿ, ಅಂದ್ರ ಸಂಶೋಧನೆ ನೀತಿಯಿಂದ ನಡೀತೈತೋ ಅಂತ ನೋಡೋ ಸಮಿತಿ, ಅದರ ಒಪ್ಪಿಗಿ ಮಾಹಿತಿ ಕೂಡಿಸೋಕಿಂತ ಮೊದ್ಲು ತಗೋಬೇಕು, ಆಮ್ಯಾಲ ತಗೊಂಡ್ರ ನಡೆಯೂದಿಲ್ಲ. ಅಬ್‌ಸ್ಟ್ರ್ಯಾಕ್ಟ್ (ಸಂಶೋಧನೆಯ ಸಾರಾಂಶ) ಕರಿಯೋ ನೋಟಿಸಿನಾಗೇ ಇದನ್ನ ದಪ್ಪಕ್ಷರದಾಗ ಹಾಕಸು. ಐಸಿಎಂಆರ್, ಅಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗಂತ ಸಣ್ಣ ಅವಧಿಯ ಸಂಶೋಧನಾ ಯೋಜನೆ ನಡೆಸೈತಿ, ಎಸ್‌ಟಿಎಸ್ ಅಂತಾರ, ಅದು ಮಾಡಿದವ್ರು ಯಾರರ ನಿಮ್ಮ ಸೀನಿಯರ್ಸಿನಾಗ ಇದ್ರ ಅವ್ರನ್ನ ಸ್ಟೇಜಿಗೆ ಕರದು ಹೆಂಗ ಅರ್ಜಿ ಬರದ್ರಿ ಅಂತ ಕೇಳ್ರಿ, ಜೂನಿಯರ್ಸಿಗೆ ದೊಡ್ಡ ಭಾಷಣಕ್ಕಿಂತ ಅದು ಹೆಚ್ಚು ಉಪಯೋಗ. ಮಾರ್ಕ್ ಹಾಕೋ ಜಡ್ಜಿಗೆ ಅಬ್‌ಸ್ಟ್ರ್ಯಾಕ್ಟ್ ಕಳಿಸುಮುಂದ ಹೆಸರು, ಕಾಲೇಜು ತಗದು ಬರೇ ನಂಬರ್ ಹಾಕಿ ಕಳಸ್ರಿ.

ದುಡ್ಡಿನ ವಿಷಯ. ಸ್ಪಾನ್ಸರ್ ಹುಡಕೋರು ಯಾರಿದ್ದಾರೋ ಅವ್ರಿಗೆ ಇದನ್ನ ತೋರಸು. ಡಬ್ಬಿ ಹಾಲಿನ ಪುಡಿ, ಶಿಶು ಆಹಾರ ಮಾಡೋ ಕಂಪನಿಗಳ ದುಡ್ಡು ತಗೋಬ್ಯಾಡ್ರಿ, 1992ರ ಶಿಶು ಹಾಲಿನ ಬದಲಿ ಆಹಾರದ ಕಾಯ್ದೆಗೆ 2003ರಾಗ ತಿದ್ದುಪಡಿ ಆಗೈತಿ, ಅಂಥಾ ಕಂಪನಿ ಆರೋಗ್ಯ ಕಾರ್ಯಕರ್ತರ ಸೆಮಿನಾರು, ಕಾನ್ಫರೆನ್ಸಿಗೆ ಹಣ ಕೊಡಂಗಿಲ್ಲ. ತಂಬಾಕು ಕಂಪನಿ ಪ್ರಾಯೋಜಕತ್ವಕ್ಕೂ 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆಯೊಳಗ ಅವಕಾಶ ಇಲ್ಲ. ಗಿಣ್ಣುಹಾಲಿನ ಮ್ಯಾಲ ಪೋಸ್ಟರ್ ಹಚ್ಚಿ, ಅದರ ಬಾಜೂಕ ಹಾಲಿನ ಪುಡಿ ಡಬ್ಬಿ ಬ್ಯಾನರ್ ತೂಗಹಾಕಿದ್ದನ್ನ ನಾ ಕಣ್ಣಾರೆ ನೋಡೀನಿ, ಭಾಳ ನೋವಾತು. ದುಡ್ಡು ಕಡಿಮಿ ಬಿದ್ರ ಬ್ಯಾಗು, ಮೊಮೆಂಟೊ ಕಡಿಮಿ ಮಾಡ್ರಿ. ಕೊಡಲೇಬೇಕಂದ್ರ ನಿಮ್ಮೂರಿನ ಖಣದ ಬಟ್ಟಿಯೊಳಗ ಒಂದು ಸಣ್ಣ ಚೀಲ ಹೊಲಿಸಿ ಕೊಡ್ರಿ, ನೇಕಾರ್ರಿಗೂ ಹೊಲಿಯೋರಿಗೂ ಕೆಲಸ ಆತು.

ಡೇಟ್ ಇಡುಮುಂದ ಯುನಿವರ್ಸಿಟಿ ಪರೀಕ್ಷೆ ಅಷ್ಟ ನೋಡಿದ್ರ ಸಾಲೂದಿಲ್ಲ. ಬನದ ಹುಣ್ಣಿಮಿ ಸುತ್ತಮುತ್ತ ಬನಶಂಕರಿ ಜಾತ್ರಿಗೆ ನಿಮ್ಮ ಕಡೆ ಬಸ್ಸಿನಾಗ ಕಾಲಿಡಾಕ ಜಾಗಾ ಇರೂದಿಲ್ಲ, ಸಂಕ್ರಮಣಕ್ಕ ವಿಜಯಪುರದಾಗ ಸಿದ್ಧೇಶ್ವರ ಜಾತ್ರಿ. ನಾವು ಬೆಳಗಾವ್ಯಾಗ ಒಮ್ಮೆ ಡಿಸೆಂಬರಿನಾಗ ಇಟ್ಟು ಕಷ್ಟ ಪಟ್ವಿ, ಸುವರ್ಣ ವಿಧಾನಸೌಧದಾಗ ಅಧಿವೇಶನ ಶುರು ಆಗಿ ಲಾಡ್ಜಿನಾಗ ಒಂದು ರೂಮು ಸಿಗ್ಲಿಲ್ಲ, ಬಂದ ಹುಡುಗ್ರನ್ನ ಹಾಸ್ಟೆಲ್ ರೂಮಿನಾಗ ಮೂರು ಮೂರು ಮಂದಿ ಮಾಡಿ ಮಲಗಿಸಿದ್ವಿ. ಊಟಕ್ಕ ಖಡಕ್ ರೊಟ್ಟಿ, ಮಡಕಿಕಾಳು ಪಲ್ಯ, ಎಣ್ಣಗಾಯಿ, ಶೇಂಗಾ ಹಿಂಡಿ, ಮೊಸರು ಸಾಕು, ರೊಟ್ಟಿ ಬಡಿಯೋ ಹೆಣ್ಮಕ್ಕಳ ಸಂಘ ಈಗ ಎಲ್ಲಾ ಊರಾಗ ಅದಾವ.

ಓದಿನ ಮಾತು. ಮೂರನೇ ವರ್ಷ ನಿನಗ ಕಮ್ಯುನಿಟಿ ಮೆಡಿಸಿನ್ ಪೇಪರ್ ಐತಿ, ಈ ಕೆಲಸ ಮಾಡಿದ್ರ ಆ ಪೇಪರಿನ ಅರ್ಧ ವಿಷಯ ಕಣ್ಣಾರೆ ಕಂಡಂಗ, ಅದು ನಿಜ. ಹಂಗಂತ ಪೋಸ್ಟಿಂಗ್ ಬಿಟ್ಟು ಬ್ಯಾನರ್ ತರಾಕ ಹೋಗಬ್ಯಾಡ. ಥಿಯರಿಗೆ 75, ಪ್ರಾಕ್ಟಿಕಲ್ ಕ್ಲಿನಿಕಲ್ಲಿಗೆ 80 ಪರ್ಸೆಂಟ್ ಹಾಜರಿ ಬೇಕೇ ಬೇಕು, ಅದು ಕಡಿಮಿ ಬಿದ್ರ ಯಾವ ಕಾನ್ಫರೆನ್ಸೂ ಕಾಪಾಡೂದಿಲ್ಲ. ದಿನಾ ಸಂಜಿ ಒಂದು ತಾಸು ಅಂತ ಕಟ್ಟಿ ಇಡು, ಫೋನ್ ಆ ತಾಸಿನಾಗೇ ಹಚ್ಚು, ಕಡೀ ವಾರ ಮಾತ್ರ ಹೆಚ್ಚು ಬೇಕಾಗ್ತೈತಿ. ಯಾರರ ಸೀನಿಯರ್ 'ಇದನ್ನೂ ಮಾಡಿಬಿಡು' ಅಂತ ಮತ್ತೊಂದು ಕೆಲಸ ತಂದ್ರ 'ಅಣ್ಣಾ, ನನ್ನ ಕೈಯಾಗ ರಿಜಿಸ್ಟ್ರೇಷನ್ ಐತಿ, ಅದು ಕೆಡ್ತೈತಿ' ಅಂತ ಹೇಳು. ಒಲ್ಲೆ ಅನ್ನೋದು ನನಗ ಭಾಳ ತಡಾ ಆಗಿ ಬಂತು, ನಿನಗ ಲಗೂನ ಬರ್ಲಿ. ಮತ್ತ ಕೆಲಸ ಕೈ ಮೀರಾಕತ್ತಿದ್ರ ಒಂದು ವಾರ ಮೊದ್ಲೇ ಹೇಳು, ಹಿಂದಿನ ರಾತ್ರಿ ಹೇಳಬ್ಯಾಡ. ಹೇಳೋದ್ರಾಗ ಅವಮಾನ ಏನಿಲ್ಲ, ಮುಚ್ಚಿಡೋದ್ರಾಗ ಬ್ಯಾರೆಯವ್ರಿಗೆ ಪೆಟ್ಟು ಐತಿ.

ಕಾನ್ಫರೆನ್ಸ್ ಮುಗದ ಮ್ಯಾಲ ಎಲ್ಲಾರೂ ಫೋಟೋ ಹಾಕಿ ಮಲಗ್ತಾರ. ನೀ ಇನ್ನೂ ಒಂದು ವಾರ ಎಚ್ಚರ ಇರು. ಸರ್ಟಿಫಿಕೇಟ್ ಸಿಗದವ್ರಿಗೆ ಕಳಸು, ಊಟದವ್ರ, ಪೆಂಡಾಲಿನವ್ರ ಬಾಕಿ ಕೊಡಸು, ಲೆಕ್ಕಾ ಎಲ್ಲಾರಿಗೂ ಕಾಣಂಗ ಹಚ್ಚಸು, ಮತ್ತ ಮುಂದಿನ ವರ್ಷ ಈ ಕೆಲಸ ಹಿಡಿಯೋ ಜೂನಿಯರಿಗಂತ ಒಂದು ನಾಕು ಪುಟ ಬರದಿಡು, ಯಾವ ಅಂಗಡ್ಯಾಗ ಬೋರ್ಡ್ ಬಾಡಿಗಿಗೆ ಸಿಗ್ತಾವ, ಯಾರು ಫೋನ್ ಎತ್ತತಾರ, ಎಲ್ಲಿ ತಪ್ಪಾತು. ತಪ್ಪಾದದ್ದನ್ನ ಮುಚ್ಚದಂಗ ಬರಿ. ಆ ಜಮಖಂಡಿ ಕಡೆ ಹುಡುಗಿ ರಸೀದಿ ಬಿಚ್ಚಿಟ್ಟದ್ದನ್ನ ನಾ ಅವತ್ತೇ ನಮ್ಮ ಫೈಲಿನಾಗ ಬರದಿದ್ದೆ, ಮುಂದಿನ ವರ್ಷದವ್ರು ಲಕೋಟಿ ಬಂದ ಕೂಡ್ಲೇ ನಂಬರ್ ಹಾಕೋ ಪದ್ಧತಿ ಶುರು ಮಾಡಿದ್ರು.

ಅಪ್ಪಾಜಿಗೆ ಈಗೇನೂ ವಾದ ಮಾಡಬ್ಯಾಡ. ಅವ್ರು ಕೇಳೋದ್ರಾಗ ತಪ್ಪಿಲ್ಲ, ಫೀ ಕಟ್ಟೋರು ಅವ್ರು. ನೇಕಾರ್ರ ಸೆಷನ್ ಕಮಿಟಿಯೊಳಗ ಪಾಸಾತು ಅಂದ್ರ ಆ ಮಧ್ಯಾಹ್ನಕ್ಕ ಅವ್ರನ್ನ, ಅವ್ರ ಜೊತಿ ಓಣ್ಯಾಗಿನ ಇನ್ನೂ ನಾಕು ಮಂದಿ ನೇಯೋರನ್ನ ಕರ್ಕೊಂಡು ಬಾ. ಅವ್ರ ಹೆಸರೂ ಶೀಟಿನಾಗ ಹಾಕು, ಬ್ಯಾಡ್ಜ್ ಮಾಡಸು, ಕನ್ನಡದಾಗ ಬರಸು. ಕುರ್ಚಿ ಮಾತ್ರ ಮೆತ್ತನ್ನ ಬೆನ್ನಿರೋವು ನೋಡಿ ಹಾಕಸು ತಂಗಿ, ಸೊಂಟ ಹಿಡದವ್ರಿಗೆ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಎರಡು ತಾಸು ಕೂಡಾಕ ಆಗೂದಿಲ್ಲ.